ಅಲ್ಲಿ ರೀಟೇಕ್ ಇಲ್ಲ!

ಗೆಳೆಯರೇ, ಈ ವಾರ ಗಾಂಧಿನಗರ ಬಿಟ್ಟು ನಿಮ್ಮನ್ನ ಸ್ವಲ್ಪ ದೂರ ಕರ್ಕೊಂಡು ಹೋಗ್ತೀನಿ. ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ತಿರ ಡಕ್ಸ್‌ಫರ್ಡ್ ಅಂತ ಒಂದು ಹಳೇ ವಾಯುನೆಲೆ. ಈಗದು ಮ್ಯೂಸಿಯಂ. ಏರ್ ಶೋ ದಿನ ಟಿಕೆಟ್ ಕೊಂಡು ಹುಲ್ಲಿನ ಮೇಲೆ ಕೂತರೆ, ಎರಡನೇ ಮಹಾಯುದ್ಧದ ವಿಮಾನಗಳು ನಿಮ್ಮ ತಲೆಯ ಮೇಲೇ ಹಾರುತ್ತವೆ!

ನಾನು ಹೋಗಿದ್ದು ಒಂದು ಪಿಕ್ಚರಿನ ಹುಚ್ಚಿಗೆ. 1969ರ ‘ಬ್ಯಾಟಲ್ ಆಫ್ ಬ್ರಿಟನ್’. ಹುಡುಗನಾಗಿದ್ದಾಗ ಗಾಂಧಿಕ್ಲಾಸಿನಲ್ಲಿ ಕೂತು ಕತ್ತು ನೋಯುವಂತೆ ನೋಡಿದ್ದೆ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ನಡೆದ ಕಾಳಗದ ಕಥೆ. ನಿರ್ದೇಶಕ ಗೈ ಹ್ಯಾಮಿಲ್ಟನ್, ‘ಗೋಲ್ಡ್‌ಫಿಂಗರ್’ ತೆಗೆದ ಅದೇ ಆಸಾಮಿ. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲಿತ್ತು ಸ್ವಾಮಿ? ಕೆಲವು ಮಾಡೆಲ್‌ಗಳನ್ನು ಬಿಟ್ಟರೆ ಹಾರಿದ್ದೆಲ್ಲ ಅಸಲಿ ವಿಮಾನಗಳೇ. ಡಕ್ಸ್‌ಫರ್ಡಿನಲ್ಲೂ ಶೂಟಿಂಗ್ ನಡೀತು. ಬಾಂಬ್ ಬೀಳೋ ಸೀನಿಗಾಗಿ 1968ರಲ್ಲಿ ಅಲ್ಲಿಯ ಒಂದು ನಿಜವಾದ ಹ್ಯಾಂಗರನ್ನೇ ಉಡಾಯಿಸಿಬಿಟ್ಟರು!

ವಿಲನ್ ಪಾರ್ಟಿಗೆ ಜರ್ಮನಿಯ ಮೆಸರ್‌ಶ್ಮಿಟ್ ಬೇಕಿತ್ತು. ಹಾರುವ ಸ್ಥಿತಿಯಲ್ಲಿ ಬೇಕಾದಷ್ಟು ಎಲ್ಲಿಂದ ತರೋದು? ಅದೇ ವಿನ್ಯಾಸದಿಂದ ಸ್ಪೇನಿನಲ್ಲಿ ತಯಾರಾಗಿದ್ದ ‘ಬುಚೋನ್’ ವಿಮಾನಗಳಿಗೆ ಬಣ್ಣ ಬಳಿದು ತಂದರು. ಬುಚೋನ್ ಅಂದರೆ ಎದೆಯುಬ್ಬಿಸೋ ಪಾರಿವಾಳ. ಅದರ ಮೂತಿಯ ಕೆಳಗೂ ಹಾಗೇ ಉಬ್ಬು. ಯಾಕೆ ಗೊತ್ತಾ? ಒಳಗಿರೋದು ರೋಲ್ಸ್‌ರಾಯ್ಸ್ ಮರ್ಲಿನ್ ಇಂಜಿನ್. ಹೀರೋ ಸ್ಪಿಟ್‌ಫೈರಿನಲ್ಲಿದ್ದದ್ದೂ ಅದೇ! ಶೂಟಿಂಗ್ ಮುಗಿದ ಮೇಲೆ ಟೆಕ್ಸಾಸಿನ ಒಬ್ಬ ಪೈಲಟ್ ಸಂಭಾವನೆಯ ಬಾಬ್ತು ವಿಮಾನಗಳನ್ನೇ ಮನೆಗೆ ಒಯ್ದನಂತೆ. ಆ ಪಿಕ್ಚರಿನ ಕೆಲವು ಬುಚೋನ್‌ಗಳು ಮತ್ತೆ ಡಕ್ಸ್‌ಫರ್ಡಿನಲ್ಲಿ ಹಾರಿವೆ.

ಆ ದಿನ ಎರಡೂ ಒಂದರ ಹಿಂದೊಂದು ಬಂದವು. ಕಣ್ಣು ಮುಚ್ಚಿ ಕೇಳಿದೆ. ಹೀರೋ ಯಾರು, ವಿಲನ್ ಯಾರು ಅಂತ ತಿಳೀಲಿಲ್ಲ. ಹನ್ನೆರಡು ಸಿಲಿಂಡರಿನ ಆ ಗುಡುಗು ಎದೆಗೂಡಿಗೇ ಬಡೀತು. ಯಾವ ಡಿಟಿಎಸ್ಸೂ ಅದರ ಮುಂದೆ ನಿಲ್ಲಲ್ಲ. ‘ಒನ್ಸ್ ಮೋರ್’ ಅಂತ ಕೂಗೋಕೆ ಬಾಯಿ ತೆರೆದೆ... ಕೂಗಲಿಲ್ಲ.

2022ರ ನವೆಂಬರ್ 12 ನೆನಪಾಯ್ತು. ಅಮೆರಿಕದ ಡಲ್ಲಾಸ್ ಏರ್ ಶೋನಲ್ಲಿ ಬಿ-17 ಬಾಂಬರಿಗೆ ಪಿ-63 ಫೈಟರ್ ಡಿಕ್ಕಿ ಹೊಡೆದು, ಎರಡರಲ್ಲೂ ಇದ್ದ ಆರು ಜನ ಸತ್ತರು. ನೋಡೋಕೆ ಬಂದಿದ್ದ ಜನರ ಕಣ್ಣೆದುರೇ.

ಹಾಗಾದರೆ ಇವುಗಳನ್ನ ಮ್ಯೂಸಿಯಮ್ಮಿನಲ್ಲೇ ನಿಲ್ಲಿಸಿಬಿಡಬೇಕಾ? ನಿಂತ ವಿಮಾನ ಮೂಕಿ ಚಿತ್ರ, ಹಾರೋದು ಟಾಕಿ. ಇಪ್ಪತ್ತು ದಾಟದ ಎಷ್ಟೋ ಹುಡುಗರು ಆ ಸದ್ದಿನ ಹಿಂದೆ ಕೂತು ಜೀವ ಕೊಟ್ಟರು ಅನ್ನೋದು ನನಗೆ ಪುಸ್ತಕ ಓದಿದಾಗ ತಟ್ಟಿರಲಿಲ್ಲ, ಅವತ್ತು ತಟ್ಟಿತು. ಅದಕ್ಕೇ ಹಾರಲಿ ಅಂತೀನಿ. ಆದರೆ ಪಲ್ಟಿ ಕಡಿಮೆ ಇರಲಿ, ಎಚ್ಚರ ಜಾಸ್ತಿ ಇರಲಿ. ನಮ್ಮ ಚಪ್ಪಾಳೆಗೋಸ್ಕರ ಯಾರೂ ಸಾಯೋದು ಬೇಡ.

ಅವತ್ತು ನಾನು ಶಿಳ್ಳೆ ಹೊಡೆದದ್ದು ಸ್ಪಿಟ್‌ಫೈರ್ ಮೇಲೇರಿದಾಗ ಅಲ್ಲ, ಅದರ ಚಕ್ರ ನೆಲ ಮುಟ್ಟಿದಾಗ. ಪಕ್ಕದವರು ತಿರುಗಿ ನೋಡಿದರು. ನೋಡ್ಲಿ ಬಿಡಿ!

ಮುಂದಿನ ವಾರ ಸಿಗೋಣ.