ಮೀನಿನ ನೋವು ಯಾರ ಲೆಕ್ಕಕ್ಕೆ?

ನಾನು ಕುಂದಾಪುರ ಕಡೆಯವನು. ಮೀನಿಲ್ಲದ ಊಟ ನನಗೆ ಊಟವೇ ಅಲ್ಲ. ಹಾಗಾಗಿ ಮೀನು ತಿನ್ನಬೇಡಿ ಎಂದು ಉಪದೇಶ ಮಾಡಲು ಇದನ್ನು ಬರೆಯುತ್ತಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ಬಿಟಿಎಂ ಲೇಔಟ್‌ನಲ್ಲಿ ಜೀವಂತ ಮೀನು ಮಾರುವ ಅಂಗಡಿಗೆ ಹೋಗಿದ್ದೆ. ಕರೆಂಟ್ ಇರಲಿಲ್ಲ. ತೊಟ್ಟಿಗೆ ಗಾಳಿ ಊದುವ ಪಂಪ್ ನಿಂತಿತ್ತು. ಕಟ್ಲಾ, ಜಿಲೇಬಿ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಾಯಿ ತಂದು ಒದ್ದಾಡುತ್ತಿದ್ದವು. ನಾನು ತೋರಿಸಿದ ಕಟ್ಲಾವನ್ನು ಅಂಗಡಿಯವರು ತಕ್ಕಡಿಗೆ ಹಾಕಿದರು. ಅದು ಬಡಿದಾಡುತ್ತಿದ್ದರಿಂದ ತೂಕ ನಿಲ್ಲಲಿಲ್ಲ. ಅದು ಸುಮ್ಮನಾಗಲಿ ಎಂದು ಇಬ್ಬರೂ ಕಾದೆವು. ಆ ಕಾಯುವಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮೀನಿಗೆ ನೋವಾಗುತ್ತದೆಯೇ? 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಸಾಲ್ಮನ್‌ನ ಹತ್ತಿರದ ನೆಂಟ ರೇನ್‌ಬೋ ಟ್ರೌಟ್‌ನ ತುಟಿಗೆ ಆಮ್ಲ ಚುಚ್ಚಿ ನೋಡಿದರು. ಮೀನುಗಳು ತುಟಿಯನ್ನು ಕಲ್ಲಿಗೆ ಉಜ್ಜಿಕೊಂಡವು, ಗಂಟೆಗಟ್ಟಲೆ ಆಹಾರ ಮುಟ್ಟಲಿಲ್ಲ. ಮಾರ್ಫಿನ್ ಕೊಟ್ಟಾಗ ಆ ವರ್ತನೆ ಕಡಿಮೆಯಾಯಿತು.

ಜಯನಗರ, ಜೆ.ಪಿ. ನಗರದ ದೊಡ್ಡ ಅಂಗಡಿಗಳಲ್ಲಿ ಈಗ ನಾರ್ವೆಯ ಸಾಲ್ಮನ್ ಸಿಗುತ್ತದೆ. ಅದು ಸಮುದ್ರದ ಪಂಜರಗಳಲ್ಲಿ ಸಾಕಿದ ಮೀನು. ಅಲ್ಲಿ ಸಾವಿರ ಲೀಟರ್ ನೀರಿಗೆ 25 ಕೆ.ಜಿ.ಗಿಂತ ಹೆಚ್ಚು ಸಾಲ್ಮನ್ ತುಂಬುವಂತಿಲ್ಲ, ಕೊಲ್ಲುವಾಗ ಪ್ರಜ್ಞೆ ತಪ್ಪಿಸಲೇಬೇಕು. ಹಾಗೆಂದು ನಾರ್ವೆ ಸ್ವರ್ಗವಲ್ಲ. 2023ರಲ್ಲಿ ಆ ಪಂಜರಗಳಲ್ಲಿ 6 ಕೋಟಿಗೂ ಹೆಚ್ಚು ಸಾಲ್ಮನ್ ಸತ್ತವು. ಆದರೆ ಆ ಸಂಖ್ಯೆ ನಮಗೆ ಗೊತ್ತಾಗಿದ್ದೇ ಅವರು ಪ್ರತಿವರ್ಷ ಎಣಿಸಿ ಪ್ರಕಟಿಸುವುದರಿಂದ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಜೀವಿಗಳೆಲ್ಲ ಪ್ರಾಣಿಗಳೇ. ಆಹಾರಕ್ಕಾಗಿ ಕೊಲ್ಲಬಹುದು, ಅನಗತ್ಯ ನೋವು ಕೊಡುವಂತಿಲ್ಲ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಇತ್ತ 2020ರಲ್ಲಿ 20,050 ಕೋಟಿ ರೂಪಾಯಿಯ ಮತ್ಸ್ಯ ಸಂಪದ ಯೋಜನೆ ಬಂತು. ಅದರ ಉತ್ಪಾದನಾ ಗುರಿ 220 ಲಕ್ಷ ಟನ್. ಕಡಿಮೆ ಜಾಗದಲ್ಲಿ ಹೆಚ್ಚು ಮೀನು ಬೆಳೆಸುವ ತೊಟ್ಟಿಗಳಿಗೂ ಸಹಾಯಧನವಿದೆ. ರೈತರ ಆದಾಯ ಹೆಚ್ಚಲಿ, ಸಂತೋಷವೇ. ಆದರೆ ಟನ್ನಿನ ಜೊತೆಗೆ ಸತ್ತ ಮೀನಿನ ಲೆಕ್ಕವನ್ನೂ, ತೊಟ್ಟಿಯ ದಟ್ಟಣೆಯ ಲೆಕ್ಕವನ್ನೂ ಸರ್ಕಾರ ಕೇಳಬೇಕು. ಸಹಾಯಧನಕ್ಕೆ ಇದೇ ಷರತ್ತಾಗಲಿ. ಉಸಿರುಗಟ್ಟಿ ಸತ್ತ ಮೀನಿನಿಂದ ರೈತನಿಗೂ ನಷ್ಟವೇ.

ಇಲ್ಲಿ ನಮಗೂ ಕೆಲಸವಿದೆ ಗೆಳೆಯರೇ. ಸಾಕಣೆ ಮೀನಿಗೆ ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ಅದು ಇಳಿದರೆ ಮೊಬೈಲಿಗೆ ಸಂದೇಶ ಕಳಿಸುವ, ಕರೆಂಟ್ ಹೋದರೆ ಬ್ಯಾಟರಿಯಲ್ಲಿ ಪಂಪ್ ಓಡಿಸುವ ಅಗ್ಗದ ಸಾಧನವನ್ನು ನಾವೇ ಮಾಡಬಹುದು. ಪ್ರತಿ ಬ್ಯಾಚಿನಲ್ಲೂ ಸ್ಮಾರ್ಟ್ ಡಸ್ಟ್‌ಬಿನ್ ಮಾಡಿದ್ದು ಸಾಕು. ನಮ್ಮ ತಂಡ ಈ ಸಲ ಇದನ್ನೇ ಆರಿಸಿಕೊಂಡಿದೆ.

ಮೊನ್ನೆ ಅದೇ ಅಂಗಡಿಗೆ ಹೋಗಿ, ‘ಅಣ್ಣಾ, ಮೊದಲು ತಲೆಗೆ ಸರಿಯಾಗಿ ಒಂದು ಏಟು ಹಾಕಿ, ಆಮೇಲೆ ತೂಗಿ’ ಎಂದೆ. ಅವರು ನಕ್ಕರು. ಆದರೆ ಹಾಗೆಯೇ ಮಾಡಿದರು. ಈ ಸಲ ತೂಕಕ್ಕೆ ಕಾಯಬೇಕಾಗಲಿಲ್ಲ.