ಬಾಸ್ ಅಂದ್ರೆ ಬರೀ ದುಂ ದುಂ ಅಲ್ಲ ಕಣ್ರೋ (ಭಾಗ 4)

ಬಾಸ್ ಗಿಟಾರ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ ನಿಮ್ಮಲ್ಲೇ ಎಷ್ಟೋ ಜನ ಹೇಳ್ತೀರಿ. ಬೇಜಾರಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಗಣೇಶನ ಆರ್ಕೆಸ್ಟ್ರಾ ಮುಂದೆ ನಿಂತು ಕೇಳಿದ್ರೆ ಹಾಗೇ ಅನ್ಸೋದು. ಎದೆ ನಡುಗುತ್ತೆ, ಯಾವ ಸ್ವರ ಅಂತ ಮಾತ್ರ ಗೊತ್ತಾಗಲ್ಲ. ಅದಕ್ಕೇ ಬಾಸನ್ನ ಕೀಬೋರ್ಡ್‌ನವರ ಎಡಗೈಗೆ ಒಪ್ಪಿಸಿ ಒಬ್ಬರ ದುಡ್ಡು ಉಳಿಸಿಬಿಡ್ತಾರೆ. ಬಿಕಾಂ ಓದೋನಿಗೆ ಆ ಲೆಕ್ಕ ಅರ್ಥ ಆಗುತ್ತೆ. ಆದ್ರೆ ಕೇಳಿಸದೇ ಇರೋದಕ್ಕೆ ಕಾರಣ ವಾದ್ಯ ಅಲ್ಲ, ಅದರಿಂದ ನಾವು ತೆಗೆಯೋ ಟೋನ್.

ಟೋನ್ ಅಂದ್ರೇನು ಅಂತ ನಮ್ಮೂರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ತಮಟೆಯವರು ಬಾರಿಸೋ ಮುಂಚೆ ಬೆಂಕಿಗೆ ಯಾಕೆ ಹಿಡೀತಾರೆ? ಚರ್ಮ ಬಿಗಿಯಾಗಿ ಪೆಟ್ಟು ಗರಿಗರಿಯಾಗಿ ಕೇಳ್ಲಿ ಅಂತ. ಮಾದಪ್ಪನ ಬೆಟ್ಟದ ದೇವರಗುಡ್ಡರ ಕಂಸಾಳೆ ನೋಡಿ. ಎಡಗೈಲಿ ಬಟ್ಟಲು, ಬಲಗೈಲಿ ದಾರ ಕಟ್ಟಿದ ತಾಳ. ಅಷ್ಟು ಗದ್ದಲದ ಜಾತ್ರೆಯಲ್ಲೂ ಮೈಕ್ ಇಲ್ದೆ ಸೀಳ್ಕೊಂಡು ಬರುತ್ತೆ. ನಾನು ಬಾಸ್‌ನಲ್ಲಿ ಹುಡುಕ್ತಿರೋದು ಅದನ್ನೇ.

ಬಾಸ್‌ನ ಅತಿ ದಪ್ಪ ತಂತಿ, ಬೆರಳೊತ್ತದೆ ಮೀಟಿದ್ರೆ, ಸುಮಾರು 41 ಹರ್ಟ್ಸ್. ನೀವು ಈಗ ಕೈಲಿ ಹಿಡಿದಿರೋ ಫೋನ್ ಸ್ಪೀಕರ್‌ಗೆ ಆ ಶಬ್ದ ಹೊರಡ್ಸೋ ತಾಕತ್ತೇ ಇಲ್ಲ. ಆದ್ರೂ ಫೋನಲ್ಲಿ ಬಾಸ್ ಕೇಳುತ್ತಲ್ಲ? ಕೇಳೋದು ಅದರ ಮೇಲಿನ ಉಪಸ್ವರಗಳು, ಜೊತೆಗೆ ಬೆರಳು ತಂತಿಗೆ ತಾಕಿದ ಪೆಟ್ಟು. ಆ ಪೆಟ್ಟನ್ನೇ ಕೊಂದು ಬಾಸ್ ನಾಬ್ ಪೂರ್ತಿ ತಿರುಗಿಸಿದ್ರೆ ಉಳಿಯೋದು ಕೆಸರು.

ಪೆಟ್ಟು ಹುಟ್ಟೋದು ಕೈಯಲ್ಲಿ. ಅಮೆರಿಕದ ಲ್ಯಾರಿ ಗ್ರಹಾಂ ಅಮ್ಮನ ಜೊತೆ ನುಡಿಸ್ತಿದ್ದಾಗ ಅವರ ಹತ್ರ ಡ್ರಮ್ಮರ್ ಇರಲಿಲ್ಲ. ಹೆಬ್ಬೆರಳಲ್ಲಿ ತಂತಿಗೆ ಹೊಡೆದು ಕಿಕ್ ಡ್ರಮ್ ಮಾಡಿದ್ರು, ಇನ್ನೊಂದು ಬೆರಳಲ್ಲಿ ತಂತಿ ಎಳೆದು ಬಿಟ್ಟು ಸ್ನೇರ್ ಮಾಡಿದ್ರು. ಸ್ಲ್ಯಾಪ್ ಅಂತ ನೀವು ರೀಲ್ಸಲ್ಲಿ ನೋಡೋದು ಅದೇ. ಇಲ್ಲದ ಡ್ರಮ್ ತುಂಬಿಸೋಕೆ ಹುಟ್ಟಿದ್ದು!

ಮಣಿಕಟ್ಟು ಸಡಿಲ ಬಿಟ್ಟು, ಫ್ರೆಟ್‌ಬೋರ್ಡ್ ಮುಗಿಯೋ ಕಡೆ ಹೊಡೀರಿ. ಹೊಡೆದ ತಕ್ಷಣ ಹೆಬ್ಬೆರಳು ಪುಟಿದು ವಾಪಸ್ ಬರಬೇಕು, ತಂತಿ ಮೇಲೇ ಕೂತ್ರೆ ಶಬ್ದ ಸತ್ತೋಗುತ್ತೆ. ಬೇಡದ ತಂತಿಗಳನ್ನ ಎಡಗೈ ಬೆರಳಲ್ಲಿ ಮುಚ್ಚಿಡಿ, ನನ್ನ ಪ್ರಕಾರ ಅರ್ಧ ಕೆಲಸ ಇದೇ. ಸ್ಲ್ಯಾಪ್ ಬೇಡ್ವಾ? ಬ್ರಿಡ್ಜ್ ಹತ್ರ ಬೆರಳಲ್ಲೇ ಗಟ್ಟಿಯಾಗಿ ಮೀಟಿ. ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಹಾಕೋದು ಫ್ಲಾಟ್‌ವೂಂಡ್ ತಂತಿ, ಮಂದ ಅಂತ ಎಲ್ಲರೂ ಬೈಯೋ ಜಾತಿ. ಆದ್ರೂ ಅವರ ಬೆರಳ ರಭಸಕ್ಕೆ ತಂತಿ ಫ್ರೆಟ್‌ಗೆ ಬಡಿದು ಖಣಖಣ ಅನ್ನುತ್ತೆ.

ಆಮೇಲೆ ತಂತಿ. ನಮ್ಮ ಭಾಷೇಲಿ ಹೇಳೋದಾದ್ರೆ ಗಿಟಾರ್ ಕ್ಯಾಪಿಟಲ್ ಖರ್ಚು, ತಂತಿ ರೆವೆನ್ಯೂ ಖರ್ಚು. ಎಲ್ರೂ ಮೊದಲನೇದಕ್ಕೆ ಅಪ್ಪನ ಹತ್ರ ಕಾಸು ಕೇಳ್ತಾರೆ, ಎರಡನೇದನ್ನ ಮೂರು ವರ್ಷ ಮುಂದೂಡ್ತಾರೆ. ಬೆವರು, ಕೊಳೆ ಸುರುಳಿ ಸಂದಿಗೆ ಸೇರಿದ ತಂತಿಯಿಂದ ಯಾವ ಪೆಡಲ್ಲೂ ಹೊಳಪು ತೆಗೆಯಲ್ಲ. ಸ್ಟೀಲ್ ರೌಂಡ್‌ವೂಂಡ್ ಸೆಟ್ ಹಾಕಿ, ನಿಕಲ್‌ಗಿಂತ ಚುರುಕು. ನುಡಿಸಿದ ಮೇಲೆ ಬಟ್ಟೇಲಿ ಒರೆಸಿ. ಕಾಸಿಲ್ವಾ, ಹಳೇ ತಂತಿ ಬಿಚ್ಚಿ ನೀರಲ್ಲಿ ಐದತ್ತು ನಿಮಿಷ ಕುದಿಸಿ, ಪೂರ್ತಿ ಒಣಗಿಸಿ ಹಾಕಿ. ಸ್ವಲ್ಪ ದಿನಕ್ಕೆ ಜೀವ ಬರುತ್ತೆ. (ಅಮ್ಮನ ಅನ್ನದ ಪಾತ್ರೆ ಬೇಡ, ಹುಷಾರ್.) ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ತಂತಿ ಎತ್ತರಾನೂ ಒಂಚೂರು ಇಳಿಸಿ.

ಆಂಪ್ ಕೊನೆಗೆ. ಗಿಟಾರ್ ಮೇಲಿನ ಟೋನ್ ನಾಬ್ ಪೂರ್ತಿ ತೆರೆದಿಡಿ, ಆಂಪ್‌ನ ಬಾಸ್ ನಡುವಲ್ಲಿರ್ಲಿ, ಟ್ರೆಬಲ್ ಸ್ವಲ್ಪ ಏರ್ಲಿ. ಸೌಂಡ್ ಅಣ್ಣ ಬಂದು "ಬಾಸ್ ಕಮ್ಮಿ ಆಯ್ತಲ್ಲಪ್ಪಾ" ಅಂತಾರೆ. ಒಂದು ಹಾಡು ಪೂರ್ತಿ ಕೇಳಿ ಅಣ್ಣ ಅನ್ನಿ.

ಎಲ್ಲಾ ಹಾಡಿಗೂ ಇದು ಬೇಕು ಅಂತಿಲ್ಲ. ನಿಧಾನದ ಮೆಲೋಡಿಗೆ ದುಂಡಗಿನ ದನಿಯೇ ಚೆಂದ. ಆದ್ರೆ ತಮಟೆ, ಕಂಸಾಳೆ ಪಕ್ಕ ಬಾಸ್ ನಿಲ್ಲಬೇಕು ಅಂದ್ರೆ ಅದಕ್ಕೂ ಒಂದು ಪೆಟ್ಟಿರಬೇಕು. ಕಾಲೇಜ್ ಡೇಗೆ ಆ ಜೋಡಿ ಮಾಡೋ ಪ್ಲಾನ್ ಇದೆ. ತಮಟೆ ಬರೋರು ಮೆಸೇಜ್ ಮಾಡಿ, ಈ ವಾರ ಮೈಸೂರಿಗೆ ಹೋಗೋರು ಇನ್ನೂ ಬೇಗ ಮಾಡಿ, ನನಗೊಂದು ಸೆಟ್ ತಂತಿ ಬೇಕು.

#ಬಾಸ್‌ಗಿಟಾರ್ #ಚಾಮರಾಜನಗರ #ಗುಂಡ್ಲುಪೇಟೆ