ಚಿತ್ರ ಸುಳಿವು ಮಾತ್ರ, ತೀರ್ಪಲ್ಲ

ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ಬೀಡಿ, ಸಿಗರೇಟು ನೆನಪಾಗುವುದು ಸಹಜ. ಆದರೆ ನಮ್ಮ ದೇಶದಲ್ಲಿ ಈ ರೋಗಕ್ಕೆ ತುತ್ತಾಗುವವರಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಎಂದೂ ಧೂಮಪಾನ ಮಾಡದವರ ಪ್ರಮಾಣ ಗಣನೀಯವಾಗಿದೆ. ಈ ಒಗಟಿನ ಒಂದು ಎಳೆ 2004ರಲ್ಲಿ ಸಿಕ್ಕಿತು. ಜೆಫಿಟಿನಿಬ್ ಎಂಬ ಮಾತ್ರೆಯಿಂದ ಅನಿರೀಕ್ಷಿತವಾಗಿ ಗುಣ ಕಂಡ ರೋಗಿಗಳ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿ ರೂಪಾಂತರಗೊಂಡಿರುವುದನ್ನು ಅಮೆರಿಕದ ಸಂಶೋಧಕರು ಗುರುತಿಸಿದರು. ಧೂಮಪಾನ ಮಾಡದವರಲ್ಲಿ, ಮಹಿಳೆಯರಲ್ಲಿ, ಏಷ್ಯಾ ಮೂಲದವರಲ್ಲಿ ಈ ರೂಪಾಂತರ ಹೆಚ್ಚು.

ಅಂದಿನಿಂದ ವೈದ್ಯವಿಜ್ಞಾನ ಇನ್ನೊಂದು ಪ್ರಶ್ನೆಯನ್ನು ಬೆನ್ನತ್ತಿದೆ. ಗಡ್ಡೆಯ ಚೂರನ್ನು ತೆಗೆಯದೆಯೇ, ಸಿ.ಟಿ. ಸ್ಕ್ಯಾನ್ ಚಿತ್ರದಿಂದಲೇ ಒಳಗಿನ ವಂಶವಾಹಿಯನ್ನು ಊಹಿಸಬಹುದೇ? ಒಂದಿಷ್ಟು ಮಟ್ಟಿಗೆ, ಹೌದು. ಆರಂಭಿಕ ಹಂತದ ಕೆಲವು ಗಡ್ಡೆಗಳಲ್ಲಿ ಕ್ಯಾನ್ಸರ್ ಕೋಶಗಳು ಗಾಳಿಗೂಡುಗಳನ್ನು ನಾಶಪಡಿಸದೆ ಅವುಗಳ ಗೋಡೆಯಗುಂಟ ಹರಡುತ್ತವೆ. ಒಳಗೆ ಗಾಳಿ ಉಳಿದಿರುವುದರಿಂದ ಆ ಭಾಗ ಚಿತ್ರದಲ್ಲಿ, ಸ್ನಾನದ ಮನೆಯ ಕಿಟಕಿಯ ಗಾಜಿನಂತೆ ಮಸುಕಾಗಿ ಕಾಣುತ್ತದೆ. ಏಷ್ಯಾದ ಅನೇಕ ಅಧ್ಯಯನಗಳಲ್ಲಿ ಇಂತಹ ಗಂಟುಗಳಿಗೂ ಇಜಿಎಫ್‌ಆರ್ ರೂಪಾಂತರಕ್ಕೂ ನಂಟು ಕಂಡಿದೆ. ಧೂಮಪಾನಿಗಳಲ್ಲಿ ಹೆಚ್ಚಾಗಿರುವ ಕೆರಾಸ್ ರೂಪಾಂತರವೂ, ಜಪಾನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಎಎಲ್‌ಕೆ ದೋಷವೂ ಘನ ಗಂಟುಗಳೊಡನೆ ಹೆಚ್ಚಾಗಿ ಕಾಣಸಿಗುತ್ತವೆ.

ಆದರೆ ನಂಟೇ ನಿಶ್ಚಯವಲ್ಲ. ಮಸುಕು ಗಂಟಿರುವ 100 ಮಂದಿ ಕ್ಯಾನ್ಸರ್ ರೋಗಿಗಳಲ್ಲಿ 60 ಮಂದಿಗೆ ಇಜಿಎಫ್‌ಆರ್ ರೂಪಾಂತರವಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಚಿತ್ರವನ್ನೇ ನಂಬಿ ಎಲ್ಲರಿಗೂ ಮಾತ್ರೆ ಕೊಟ್ಟರೆ 40 ಮಂದಿ ದುಬಾರಿ ಔಷಧವನ್ನು ವೃಥಾ ನುಂಗುತ್ತಾರೆ. ಘನ ಗಂಟಿನವರಿಗೆ ಪರೀಕ್ಷೆಯೇ ಬೇಡವೆಂದರೆ, ಅವರಲ್ಲಿ ರೂಪಾಂತರವಿದ್ದವರು ತಮಗೆ ಸಲ್ಲಬೇಕಾದ ಚಿಕಿತ್ಸೆಯಿಂದ ವಂಚಿತರಾಗುತ್ತಾರೆ. ಗುಂಪಿನ ಮಟ್ಟಿಗೆ ನಿಜವಾದದ್ದು ಪ್ರತಿ ವ್ಯಕ್ತಿಯ ಮಟ್ಟಿಗೂ ನಿಜವಾಗಬೇಕಿಲ್ಲ ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠ.

ಇಲ್ಲಿ ಪಣಕ್ಕಿರುವುದು ಅಲ್ಪವಲ್ಲ. ಇಜಿಎಫ್‌ಆರ್ ರೂಪಾಂತರವಿದ್ದು ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಒಸಿಮರ್ಟಿನಿಬ್ ಮಾತ್ರೆ ನೀಡಿದ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಂತು. ಐದು ವರ್ಷಗಳ ನಂತರ ಬದುಕಿದ್ದವರ ಪ್ರಮಾಣ ಮಾತ್ರೆ ಪಡೆದವರಲ್ಲಿ ಶೇ 88, ಪಡೆಯದವರಲ್ಲಿ ಶೇ 78. 2024ರ ಜುಲೈನಲ್ಲಿ ಮಂಡಿಸಿದ ಕೇಂದ್ರ ಬಜೆಟ್ ಈ ಔಷಧದ ಮೇಲಿನ ಸೀಮಾ ಸುಂಕವನ್ನು ತೆಗೆದುಹಾಕಿದ್ದು ಸ್ವಾಗತಾರ್ಹ. ಆದರೆ ಪರೀಕ್ಷೆಯೇ ಆಗದ ರೋಗಿಗೆ ಸುಂಕ ರಿಯಾಯಿತಿಯಿಂದ ಏನು ಪ್ರಯೋಜನ?

ಚಿತ್ರದ ನಿಜವಾದ ಬೆಲೆ ಬೇರೆಡೆ ಇದೆ. ಸಂಪೂರ್ಣ ಮಸುಕಾದ ಗಂಟು ಕ್ಯಾನ್ಸರ್ ಆಗಿದ್ದರೂ ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಎಷ್ಟೋ ಮಸುಕುಗಳು ಸೋಂಕಿನಿಂದಾದವು, ತಾವಾಗಿಯೇ ಮಾಯವಾಗುತ್ತವೆ. ಆದ್ದರಿಂದಲೇ ಕೆಲವು ತಿಂಗಳ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡುವ ಕ್ರಮವಿದೆ. ಗಂಟು ದೊಡ್ಡದಾಗುತ್ತಿದ್ದರೆ ಅಥವಾ ಅದರೊಳಗಿನ ಘನ ಭಾಗ ಹೆಚ್ಚುತ್ತಿದ್ದರೆ ಎಚ್ಚರ ಅಗತ್ಯ. ಯಾರು ಕಾಯಬಹುದು, ಯಾರು ಕಾಯಬಾರದು ಎಂಬುದನ್ನು ವಿಂಗಡಿಸಲು ಚಿತ್ರ ನೆರವಾಗುತ್ತದೆ.

ನಮ್ಮ ಮಹಾನಗರಗಳ ತಪಾಸಣಾ ಪ್ಯಾಕೇಜುಗಳಿಗೆ ಈ ವಿವೇಕ ಬೇಕು. ಕಡಿಮೆ ವಿಕಿರಣದ ಸಿ.ಟಿ. ತಪಾಸಣೆಯಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ 20ರಷ್ಟು ತಗ್ಗಿತೆಂದು 2011ರಲ್ಲಿ ತೋರಿಸಿದ ಅಮೆರಿಕದ ಅಧ್ಯಯನದಲ್ಲಿದ್ದವರು 53 ಸಾವಿರಕ್ಕೂ ಹೆಚ್ಚು ಮಂದಿ, ಎಲ್ಲರೂ ದೀರ್ಘಕಾಲ ಧೂಮಪಾನ ಮಾಡಿದವರು. ಅದೇ ಲಾಭವನ್ನು, ಕ್ಷಯದ ಕಲೆಗಳು ಸಾಮಾನ್ಯವಾಗಿರುವ ನಮ್ಮ ದೇಶದ ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಒಂದೆಡೆ ಉಳ್ಳವರು ನಿರುಪದ್ರವಿ ಕಲೆಗೆ ಅಂಜಿ ಶಸ್ತ್ರಚಿಕಿತ್ಸೆಗೆ ಧಾವಿಸಬಹುದು. ಇನ್ನೊಂದೆಡೆ ಬಡವರು ಕ್ಷಯವೆಂದೇ ತಿಂಗಳುಗಟ್ಟಲೆ ಔಷಧ ನುಂಗಿ, ರೋಗ ಬಲಿತ ಮೇಲೆ ಕ್ಯಾನ್ಸರ್ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ಸಾರ್ವಜನಿಕ ಹಣಕ್ಕೆ ಮಿತಿ ಇರುವಲ್ಲಿ ಆದ್ಯತೆ ಸ್ಪಷ್ಟವಿರಬೇಕು. ಕ್ಷಯದ ಔಷಧಕ್ಕೆ ಬಗ್ಗದ ಕೆಮ್ಮಿಗೆ ತಡವಿಲ್ಲದೆ ಸಿ.ಟಿ. ಮತ್ತು ಬಯಾಪ್ಸಿ, ಚಿಕಿತ್ಸೆಯ ದಾರಿ ಬದಲಾಗಬಹುದಾದಲ್ಲೆಲ್ಲ ವಂಶವಾಹಿ ಪರೀಕ್ಷೆ, ಅದರ ವೆಚ್ಚ ಸರ್ಕಾರಿ ವಿಮೆಯ ಹೊಣೆ. ಚಿತ್ರ ಓದುವ ಗಣಕ ತಂತ್ರಾಂಶಗಳು ಮುಂದೆ ಇನ್ನಷ್ಟು ನಿಖರವಾಗಲಿ. ಆದರೆ ಬಡ ರೋಗಿಗೆ ಊಹೆ, ಉಳ್ಳವನಿಗೆ ಪರೀಕ್ಷೆ ಎಂಬ ತಾರತಮ್ಯಕ್ಕೆ ಅವು ನೆಪವಾಗಬಾರದು.